‘ಲೆಸ್’, ‘ಲೆಸ್ ದ್ಯಾನ್’, ‘ಈಸ್ ಲೆಸ್ ದ್ಯಾನ್’: ಮೂರಕ್ಕೂ ಒಂದೇ ‘ಕಡಿಮೆ’ ಸಾಕೇ?

ಪ್ರಶ್ನೆ:

ಜಿಆರ್‌ಇ, ಜಿಮ್ಯಾಟ್‌ನಂತಹ ಉನ್ನತ ಶಿಕ್ಷಣದ ಪ್ರವೇಶ ಪರೀಕ್ಷೆಗಳನ್ನು ಇಂಗ್ಲಿಷ್‌ನಲ್ಲಿ ಬರೆಯುವವರಿಗಾಗಿ ಅಂಕಗಣಿತ ಮತ್ತು ಸಂಖ್ಯಾಶಾಸ್ತ್ರದ ಪದಗಳಿಗೆ ಕನ್ನಡ ಅರ್ಥದ ಪಟ್ಟಿಯೊಂದು ತಯಾರಾಗುತ್ತಿದೆ. ಭಾಜ್ಯ, ಭಾಜಕ, ಅಪವರ್ತನ, ಮಧ್ಯಾಂಕ, ಬಹುಲಕ ಇವೆಲ್ಲ ಶಾಲೆಯ ಪುಸ್ತಕದಲ್ಲೇ ಸಿಗುತ್ತವೆ, ಅಲ್ಲಿ ತೊಂದರೆಯಿಲ್ಲ. ತೊಡಕಿರುವುದು ಒಂದು ಸಣ್ಣ ಮಾತಿನಲ್ಲಿ. ‘ಫೈವ್ ಲೆಸ್ ದ್ಯಾನ್ ಎಕ್ಸ್’ ಎಂಬುದಕ್ಕೂ ‘ಫೈವ್ ಈಸ್ ಲೆಸ್ ದ್ಯಾನ್ ಎಕ್ಸ್’ ಎಂಬುದಕ್ಕೂ ಕನ್ನಡದಲ್ಲಿ ‘ಎಕ್ಸ್‌ಗಿಂತ ಐದು ಕಡಿಮೆ’ ಎಂದೇ ಬಂದುಬಿಡುತ್ತದೆ. ಮೊದಲನೆಯದು ಕಳೆಯುವ ಲೆಕ್ಕ, ಎರಡನೆಯದು ಹೋಲಿಕೆ. ಸಾಲದ್ದಕ್ಕೆ ‘ಫೈವ್ ಲೆಸ್ ಎಕ್ಸ್’ ಎಂಬ ಮೂರನೆಯದೂ ಇದೆ. ಇವನ್ನು ಬಿಡಿಸಿ ತೋರಿಸುವ ಕನ್ನಡ ಯಾವುದು? ಇದೇ ಥರ ಕಾಲೆಳೆಯುವ ಬೇರೆ ಮಾತುಗಳಿದ್ದರೆ ಅವನ್ನೂ ದಯವಿಟ್ಟು ತಿಳಿಸಿ.

ಉತ್ತರ:

ಮೊದಲು ಮೂರನ್ನೂ ಚಿಹ್ನೆಯಲ್ಲಿ ಬರೆದುಕೊಳ್ಳೋಣ. ‘ಫೈವ್ ಲೆಸ್ ದ್ಯಾನ್ ಎಕ್ಸ್’ ಎಂದರೆ ಎಕ್ಸ್ − 5. ‘ಫೈವ್ ಈಸ್ ಲೆಸ್ ದ್ಯಾನ್ ಎಕ್ಸ್’ ಎಂದರೆ 5 < ಎಕ್ಸ್. ‘ಫೈವ್ ಲೆಸ್ ಎಕ್ಸ್’ ಎಂದರೆ 5 − ಎಕ್ಸ್. ಎಕ್ಸ್ ಜಾಗದಲ್ಲಿ 12 ಇಟ್ಟು ನೋಡಿ: ಮೊದಲನೆಯದು 7, ಮೂರನೆಯದು −7. ಎರಡನೆಯದು ಸಂಖ್ಯೆಯೇ ಅಲ್ಲ, ‘ನಿಜ’ ಅಥವಾ ‘ಸುಳ್ಳು’ ಎನ್ನಬಹುದಾದ ಹೇಳಿಕೆ.

ಕನ್ನಡದಲ್ಲಿ ಗೊಂದಲವಾಗಲು ಕಾರಣ ನಮ್ಮ ವಾಕ್ಯರಚನೆಯಲ್ಲೇ ಇದೆ. ‘ಇವಳು ನನ್ನ ತಂಗಿ’ ಎಂದರೆ ನಮಗೆ ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಿಲ್ಲ. ಹಾಗಾಗಿ ‘ಎಕ್ಸ್‌ಗಿಂತ ಐದು ಕಡಿಮೆ’ ಒಂದು ಸಂಖ್ಯೆಯ ಹೆಸರೂ ಆಗುತ್ತದೆ, ಪೂರ್ತಿ ವಾಕ್ಯವೂ ಆಗುತ್ತದೆ. ಇಂಗ್ಲಿಷ್‌ನಲ್ಲಿ ಆ ಒಂದು ‘ಈಸ್’ ಇದ್ದರೆ ವಾಕ್ಯ, ಇಲ್ಲದಿದ್ದರೆ ಬರೀ ಸಂಖ್ಯೆ. ಪಟ್ಟಿಯಲ್ಲಿ ಎರಡು ಜೊತೆ ಪದಗಳನ್ನು ಬೇರೆ ಬೇರೆ ಕೆಲಸಕ್ಕೆ ಮೀಸಲಿಡುವುದು ಒಳ್ಳೆಯದು. ಕಳೆಯುವ, ಕೂಡುವ ಲೆಕ್ಕಕ್ಕೆ ‘ಕಡಿಮೆ, ಹೆಚ್ಚು’. ಹೋಲಿಕೆಗೆ ‘ಚಿಕ್ಕದು, ದೊಡ್ಡದು’. ಆಗ ಮೊದಲನೆಯದು ‘ಎಕ್ಸ್‌ಗಿಂತ ಐದು ಕಡಿಮೆಯಿರುವ ಸಂಖ್ಯೆ’, ಎರಡನೆಯದು ‘ಐದು ಎಕ್ಸ್‌ಗಿಂತ ಚಿಕ್ಕದು’, ಮೂರನೆಯದು ‘ಐದರಲ್ಲಿ ಎಕ್ಸ್ ಕಳೆದರೆ ಉಳಿಯುವುದು’. ಸೊಗಸಿಲ್ಲ ಅನ್ನಿಸಬಹುದು, ಆದರೆ ಬೆರೆಯುವುದಿಲ್ಲ.

ನೀವು ಕೇಳದ ಒಂದು ಮಾತು. ನಾಮಪದಗಳ ಪಟ್ಟಿ ಎಷ್ಟು ಉದ್ದವಾದರೂ ಅದರಿಂದ ಆಗುವ ಉಪಯೋಗ ಕಡಿಮೆ. ‘ಕ್ವೋಶಂಟ್’ ಎಂದರೆ ಭಾಗಲಬ್ಧ ಎಂದು ಗೊತ್ತಿಲ್ಲದೆ ಅಂಕ ಕಳೆದುಕೊಳ್ಳುವವರು ಅಪರೂಪ. ಕಳೆದುಕೊಳ್ಳುವುದು ‘ಬೈ’, ‘ಟು’, ‘ಆಫ್’, ‘ಫ್ರಮ್’, ‘ದ್ಯಾನ್’, ‘ಆ್ಯಸ್’ಗಳಲ್ಲಿ. ಇಂಗ್ಲಿಷ್ ಈ ಚಿಲ್ಲರೆ ಪದಗಳಿಂದ ಮಾಡಿಸುವ ಕೆಲಸವನ್ನು ನಾವು ವಿಭಕ್ತಿ ಪ್ರತ್ಯಯಗಳಿಂದ ಮಾಡಿಸುತ್ತೇವೆ. ಆದ್ದರಿಂದ ಪಟ್ಟಿಯಲ್ಲಿ ಪದಕ್ಕೆ ಪದ ಕೊಡುವ ಬದಲು ‘ಬೈ’ ಬಂದರೆ ಯಾವ ಪ್ರತ್ಯಯ, ‘ಟು’ ಬಂದರೆ ಯಾವ ಪ್ರತ್ಯಯ ಎಂದು ತೋರಿಸಿ.

‘ರೆಡ್ಯೂಸ್ಡ್ ಟು ಒನ್ ಥರ್ಡ್’ ಎಂದರೆ ಮೂರನೇ ಒಂದಕ್ಕೆ ಇಳಿಯಿತು: 90 ಇದ್ದದ್ದು 30 ಆಯಿತು. ‘ರೆಡ್ಯೂಸ್ಡ್ ಬೈ ಒನ್ ಥರ್ಡ್’ ಎಂದರೆ ಮೂರನೇ ಒಂದರಷ್ಟು ಇಳಿಯಿತು: 90 ಇದ್ದದ್ದು 60 ಆಯಿತು. ‘ಕ್ಕೆ’ ಮುಟ್ಟಿದ ಜಾಗವನ್ನು ಹೇಳುತ್ತದೆ, ‘ಅಷ್ಟು’ ನಡೆದ ದೂರವನ್ನು ಹೇಳುತ್ತದೆ. ‘ಟು’ಗೆ ‘ಕ್ಕೆ’, ‘ಬೈ’ಗೆ ‘ಅಷ್ಟು’ ಎಂದು ಒಮ್ಮೆ ಕೂತರೆ ಏರಿಕೆ ಇಳಿಕೆಯ ಪ್ರಶ್ನೆಗಳಲ್ಲಿ ಅರ್ಧ ತಪ್ಪು ತಾನಾಗಿ ಹೋಗುತ್ತದೆ.

‘ಸಬ್‌ಟ್ರ್ಯಾಕ್ಟ್ ಎ ಫ್ರಮ್ ಬಿ’ ಎಂಬಲ್ಲಿ ಕಿವಿಗೆ ಮೊದಲು ಬೀಳುವುದು ಎ, ಆದರೆ ಬರೆಯಬೇಕಾದ್ದು ಬಿ − ಎ. ‘ಬಿಯಿಂದ ಎಯನ್ನು ಕಳೆಯಿರಿ’ ಎಂದು ಕನ್ನಡದಲ್ಲಿ ಒಮ್ಮೆ ಹೇಳಿಕೊಂಡರೆ ಕ್ರಮ ತನ್ನಷ್ಟಕ್ಕೆ ಸರಿಯಾಗುತ್ತದೆ. ಭಾಗಾಕಾರದಲ್ಲಿ ಇದಕ್ಕಿಂತ ದೊಡ್ಡ ಹೊಂಡ ‘ಇಂಟು’. ನಮ್ಮ ತರಗತಿಗಳಲ್ಲಿ ‘ಮೂರು ಇಂಟು ನಾಲ್ಕು ಹನ್ನೆರಡು’ ಎಂದು ಗುಣಾಕಾರಕ್ಕೆ ಬಳಸಿ ಬಳಸಿ ಅದೇ ರೂಢಿಯಾಗಿದೆ. ಇಂತಹ ಪರೀಕ್ಷೆಗಳ ಇಂಗ್ಲಿಷ್‌ನಲ್ಲಿ ‘ತ್ರೀ ಇಂಟು ಟ್ವೆಲ್ವ್’ ಎಂದರೆ 12 ÷ 3, ಉತ್ತರ 4. ಗುಣಾಕಾರಕ್ಕೆ ಅವರು ಹೇಳುವುದು ‘ತ್ರೀ ಟೈಮ್ಸ್ ಟ್ವೆಲ್ವ್’. ‘ತ್ರೀ ಡಿವೈಡ್ಸ್ ಟ್ವೆಲ್ವ್’ ಎಂಬುದೂ ಇದೆ. ಅಲ್ಲಿ ಭಾಗಿಸುವುದು ಮೂರು, ಭಾಗವಾಗುವುದು ಹನ್ನೆರಡು, ಶೇಷ ಉಳಿಯುವುದಿಲ್ಲ ಎಂದೂ ಅದರ ಒಳಗೇ ಅಡಗಿದೆ.

ಶೇಕಡಾ ಲೆಕ್ಕಕ್ಕೆ ಬಂದರೆ ಪ್ರಶ್ನೆ ಯಾವಾಗಲೂ ಒಂದೇ: ನೂರು ಎಂದು ಹಿಡಿಯಬೇಕಾದ್ದು ಯಾವುದನ್ನು? ‘ಆಫ್’ ಅಥವಾ ‘ದ್ಯಾನ್’ ಆದ ಮೇಲೆ ಬರುವ ಸಂಖ್ಯೆಯನ್ನು. ಕನ್ನಡದಲ್ಲಾದರೆ ‘ರ’ ಅಥವಾ ‘ಗಿಂತ’ ಅಂಟಿಕೊಂಡ ಸಂಖ್ಯೆಯನ್ನು. 50ಕ್ಕಿಂತ 60 ಶೇಕಡಾ 20 ಹೆಚ್ಚು, ಏಕೆಂದರೆ ‘ಗಿಂತ’ ಅಂಟಿರುವುದು 50ಕ್ಕೆ, ಛೇದದಲ್ಲಿ ಕೂರುವುದೂ ಅದೇ. ತಿರುಗಿಸಿ 60ಕ್ಕಿಂತ 50 ಎಷ್ಟು ಕಡಿಮೆ ಎಂದರೆ ಶೇಕಡಾ 16.67, 20 ಅಲ್ಲ. ‘ಥರ್ಟಿ ಈಸ್ ವಾಟ್ ಪರ್ಸೆಂಟ್ ಆಫ್ ಒನ್ ಟ್ವೆಂಟಿ’ ಎಂದರೆ 25. ಅದೇ ಪದಗಳನ್ನು ಜಾಗ ಬದಲಿಸಿ ‘ವಾಟ್ ಪರ್ಸೆಂಟ್ ಆಫ್ ಥರ್ಟಿ ಈಸ್ ಒನ್ ಟ್ವೆಂಟಿ’ ಎಂದರೆ 400. ಪರೀಕ್ಷೆಯಲ್ಲಿ 25 ಮತ್ತು 400 ಎರಡೂ ಆಯ್ಕೆಗಳಲ್ಲಿ ಇದ್ದರೆ ಆಶ್ಚರ್ಯಪಡಬೇಡಿ.

‘ಪರ್ಸೆಂಟೇಜ್ ಪಾಯಿಂಟ್’ಗೆ ಪಟ್ಟಿಯಲ್ಲಿ ಬೇರೆ ಜಾಗ ಕೊಡಿ. ತೇರ್ಗಡೆಯ ಪ್ರಮಾಣ ಶೇಕಡಾ 40ರಿಂದ 50ಕ್ಕೆ ಏರಿದರೆ ಏರಿಕೆ 10 ಪರ್ಸೆಂಟೇಜ್ ಪಾಯಿಂಟ್, ಆದರೆ ಶೇಕಡಾ 25. ಕನ್ನಡದಲ್ಲಿ ಎರಡಕ್ಕೂ ‘ಶೇ. 10ರಷ್ಟು ಏರಿಕೆ’ ಎಂದು ಬರೆಯುವ ಅಭ್ಯಾಸ ಬಲವಾಗಿದೆ. ಅದಕ್ಕೆ ‘ಶೇಕಡಾ ಅಂಶ’ ಎಂದು ಬರೆಯುವವರಿದ್ದಾರೆ. ಒಪ್ಪಬಹುದು, ಆದರೆ ಪಕ್ಕದಲ್ಲಿ ಈ ಉದಾಹರಣೆ ಇರಲಿ.

‘ಟೈಮ್ಸ್’ ಕಥೆ ಇನ್ನೂ ಸ್ವಾರಸ್ಯದ್ದು. ‘ತ್ರೀ ಟೈಮ್ಸ್ ಆ್ಯಸ್ ಮೆನಿ ಆ್ಯಸ್’ ಎಂದರೆ ಮೂರು ಪಟ್ಟು, ಅನುಮಾನವಿಲ್ಲ. ‘ತ್ರೀ ಟೈಮ್ಸ್ ಮೋರ್ ದ್ಯಾನ್’ ಎಂದರೆ ಕೆಲವರಿಗೆ ಮೂರು ಪಟ್ಟು, ಕೆಲವರಿಗೆ ನಾಲ್ಕು ಪಟ್ಟು. ನಮ್ಮ ‘ಮೂರು ಪಟ್ಟು ಹೆಚ್ಚು’ ಕೂಡ ಅದೇ ಜಾತಿಯದು. ಆದ್ದರಿಂದ ಪಟ್ಟಿಯಲ್ಲಿ ‘ಪಟ್ಟು’ ಒಂದನ್ನೇ ಬಳಸಿ, ‘ಹೆಚ್ಚು’ ಸೇರಿಸಬೇಡಿ. ‘ಇನ್‌ಕ್ರೀಸ್ಡ್ ಬೈ ಟೂ ಹಂಡ್ರೆಡ್ ಪರ್ಸೆಂಟ್’ ಮಾತ್ರ ಖಚಿತ: ಇದ್ದದ್ದು ನೂರು, ಕೂಡಿದ್ದು ಇನ್ನೂರು, ಒಟ್ಟು ಮೂರು ಪಟ್ಟು. ‘ಹಾಫ್ ಅಗೇನ್ ಆ್ಯಸ್ ಮೆನಿ’ ಎಂಬುದನ್ನು ‘ಅರ್ಧ’ ಎಂದು ಓದಿದರೆ ಕೆಟ್ಟಿತು, ಅದು ಒಂದೂವರೆ ಪಟ್ಟು.

‘ಫೋಲ್ಡ್’ ಮತ್ತು ನಮ್ಮ ‘ಮಡಿ’ ಎರಡೂ ಮಡಚುವ ಚಿತ್ರದಿಂದಲೇ ಬಂದವು. ‘ಫೈವ್‌ಫೋಲ್ಡ್’ಗೆ ‘ಐದು ಮಡಿ’ ತಂದಿಟ್ಟರೆ ಸರಿಹೋಗುತ್ತದೆ. ಆದರೆ ಇಮ್ಮಡಿ ಪುಲಕೇಶಿಯನ್ನು ನೆನೆಸಿಕೊಳ್ಳಿ. ಅಲ್ಲಿ ಇಮ್ಮಡಿ ಎಂದರೆ ಎರಡನೆಯ, ಎರಡರಷ್ಟು ಅಲ್ಲ. ಲೆಕ್ಕದ ಪುಸ್ತಕಕ್ಕೆ ‘ಪಟ್ಟು’ ಸುರಕ್ಷಿತ.

ಪದಗಳ ಕ್ರಮವೇ ದಾರಿ ತಪ್ಪಿಸುವ ಒಂದು ಹೆಸರಾಂತ ಉದಾಹರಣೆ ಗಣಿತ ಶಿಕ್ಷಣದ ಬರಹಗಳಲ್ಲಿ 1980ರ ದಶಕದ ಆರಂಭದಿಂದ ಚರ್ಚೆಯಾಗುತ್ತಿದೆ. ‘ಪ್ರಾಧ್ಯಾಪಕರಿಗಿಂತ ವಿದ್ಯಾರ್ಥಿಗಳು ಆರು ಪಟ್ಟು ಇದ್ದಾರೆ’ ಎಂಬರ್ಥದ ಇಂಗ್ಲಿಷ್ ವಾಕ್ಯ, ‘ಸಿಕ್ಸ್ ಟೈಮ್ಸ್ ಆ್ಯಸ್ ಮೆನಿ ಸ್ಟೂಡೆಂಟ್ಸ್ ಆ್ಯಸ್ ಪ್ರೊಫೆಸರ್ಸ್’. ಇಂಜಿನಿಯರಿಂಗ್ ಓದುವವರಲ್ಲೂ ಹಲವರು ಇದನ್ನು 6ವಿ = ಪ್ರಾ ಎಂದು ಬರೆಯುತ್ತಾರೆ. ಆರು ಮತ್ತು ವಿದ್ಯಾರ್ಥಿ ಅಕ್ಕಪಕ್ಕ ಇರುವುದರಿಂದ ಕೈ ಹಾಗೆ ಓಡುತ್ತದೆ. ಸರಿಯಾದದ್ದು ವಿ = 6ಪ್ರಾ. ಇಲ್ಲಿ ಕನ್ನಡದ ಷಷ್ಠಿ ಕಾಪಾಡುತ್ತದೆ: ‘ವಿದ್ಯಾರ್ಥಿಗಳು ಪ್ರಾಧ್ಯಾಪಕರ ಆರು ಪಟ್ಟು’ ಎಂದು ಹೇಳಿದರೆ ಆರು ಎಂಬುದು ಪ್ರಾಧ್ಯಾಪಕರಿಗೇ ಅಂಟಿಕೊಳ್ಳುತ್ತದೆ. ಬರೆದ ಮೇಲೆ 5 ಪ್ರಾಧ್ಯಾಪಕರು, 30 ವಿದ್ಯಾರ್ಥಿಗಳು ಎಂದು ಹಾಕಿ ನೋಡಿದರೆ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ.

ಭಿನ್ನರಾಶಿಯಲ್ಲಿ ನಾವು ಛೇದವನ್ನು ಮೊದಲು ಹೇಳುತ್ತೇವೆ, ‘ಮೂರನೇ ಎರಡು’. ಇಂಗ್ಲಿಷ್ ಅಂಶವನ್ನು ಮೊದಲು ಹೇಳುತ್ತದೆ, ‘ಟೂ ಥರ್ಡ್ಸ್’. ‘ಟೂ ಔಟ್ ಆಫ್ ಫೈವ್’ ನಮಗೆ ‘ಐದರಲ್ಲಿ ಎರಡು’. ವೇಗವಾಗಿ ಓದುವಾಗ ಅಂಶ, ಛೇದ ಅದಲು ಬದಲಾಗುವುದು ಇಲ್ಲಿಯೇ.

ಸ್ಥಾನಬೆಲೆಯಲ್ಲಿ ‘ಟೆನ್ಸ್’ಗೂ ‘ಟೆಂತ್ಸ್’ಗೂ ಇಂಗ್ಲಿಷ್‌ನಲ್ಲಿ ಎರಡೇ ಅಕ್ಷರದ ಅಂತರ. 482.67ರಲ್ಲಿ ಹತ್ತರ ಸ್ಥಾನದ ಅಂಕಿ 8, ಹತ್ತನೇ ಒಂದರ ಸ್ಥಾನದ್ದು 6. ‘ಯೂನಿಟ್ಸ್ ಡಿಜಿಟ್’ ಎಂದರೆ ಬಿಡಿ ಸ್ಥಾನದ 2. ಅಂಕಿ ಮತ್ತು ಸಂಖ್ಯೆ ಎಂಬ ವ್ಯತ್ಯಾಸ ನಮ್ಮಲ್ಲಿ ಮೊದಲಿಂದಲೂ ಇದೆ, ಮಾತಿನಲ್ಲಿ ಅದನ್ನು ಮರೆಯುತ್ತೇವೆ ಅಷ್ಟೆ.

ಇನ್ನು ಶಾಲಾ ಪುಸ್ತಕದ ಕನ್ನಡ ಪದಗಳಲ್ಲೇ ಎರಡು ಕಡೆ ಎಚ್ಚರ ಬೇಕು. ‘ಪೂರ್ಣ ಸಂಖ್ಯೆ’ಗಳು 0, 1, 2, 3 ಹೀಗೆ ಸಾಗುತ್ತವೆ. ‘ಪೂರ್ಣಾಂಕ’ಗಳಲ್ಲಿ ಋಣ ಸಂಖ್ಯೆಗಳೂ ಸೇರುತ್ತವೆ. ಇಂಗ್ಲಿಷ್ ಪ್ರಶ್ನೆಯಲ್ಲಿ ‘ಇಂಟಿಜರ್’ ಕಂಡಾಗ ಮನಸ್ಸಿನಲ್ಲಿ ‘ಪೂರ್ಣ’ ಎಂದಷ್ಟೇ ಉಳಿದರೆ −3, −2 ಕೈಬಿಟ್ಟು ಹೋಗುತ್ತವೆ. ಹಾಗೆಯೇ ‘ಪಾಸಿಟಿವ್’ನಲ್ಲಿ ಸೊನ್ನೆ ಇಲ್ಲ, ‘ನಾನ್‌ನೆಗೆಟಿವ್’ನಲ್ಲಿ ಇದೆ. ಎರಡನೆಯದು ‘ಭಾಗಲಬ್ಧ’. ಭಾಗಿಸಿ ಬಂದ ಉತ್ತರಕ್ಕೂ ಅದೇ ಹೆಸರು, ‘ರ್‍ಯಾಷನಲ್ ನಂಬರ್’ಗೂ ‘ಭಾಗಲಬ್ಧ ಸಂಖ್ಯೆ’. ಪಟ್ಟಿಯಲ್ಲಿ ಎರಡನೆಯದರ ಜೊತೆ ‘ಸಂಖ್ಯೆ’ಯನ್ನು ಎಂದೂ ಬಿಡಬೇಡಿ.

ಪ್ರಶ್ನೆ:

ಪ್ರತ್ಯಯದ ಸಲಹೆ ಒಪ್ಪಿಗೆಯಾಯಿತು, ಪಟ್ಟಿಯನ್ನು ಹಾಗೇ ತಿದ್ದಲಾಗುವುದು. ‘ಅಟ್ ಲೀಸ್ಟ್’, ‘ಅಟ್ ಮೋಸ್ಟ್’ಗಳಿಗೆ ‘ಕನಿಷ್ಠ’, ‘ಗರಿಷ್ಠ’ ಸಾಲದೇ? ಜೊತೆಗೆ ಸಂಖ್ಯಾಶಾಸ್ತ್ರ, ಸಂಭವನೀಯತೆಯ ಪದಗಳ ಬಗ್ಗೆಯೂ ತಿಳಿದವರು ಬರೆಯಬೇಕು.

ಇನ್ನೊಬ್ಬರ ಉತ್ತರ:

‘ಕನಿಷ್ಠ’ ತಪ್ಪಲ್ಲ. ಆದರೆ ಓದುವವರು ‘ಲೀಸ್ಟ್’ ಕಂಡ ಕೂಡಲೇ ‘ಚಿಕ್ಕದು’ ಎಂದುಕೊಂಡು ಚಿಹ್ನೆಯನ್ನು ತಿರುಗಿಸಿ ಹಾಕುತ್ತಾರೆ. ‘ಎಕ್ಸ್ ಈಸ್ ಅಟ್ ಲೀಸ್ಟ್ ಫೈವ್’ ಎಂದರೆ ಎಕ್ಸ್ ≥ 5. ‘ನಾಟ್ ಲೆಸ್ ದ್ಯಾನ್ ಫೈವ್’ ಎಂದರೂ ಅದೇ. ‘ಅಟ್ ಮೋಸ್ಟ್ ಫೈವ್’ ಎಂದರೆ ಎಕ್ಸ್ ≤ 5. ಮೊದಲನೆಯದಕ್ಕೆ ‘ಐದಕ್ಕೆ ಕಡಿಮೆಯಿಲ್ಲದ’, ಎರಡನೆಯದಕ್ಕೆ ‘ಐದನ್ನು ಮೀರದ’ ಎಂಬ ಜೋಡಿ ಕನ್ನಡದಲ್ಲಿದೆ. ‘ಮೀರದ’ ಎಂದಾಗ ಐದೂ ಸೇರಿತು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಸಂಭವನೀಯತೆಯಲ್ಲಂತೂ ಕನ್ನಡದ ಬಾಲಗಳೇ ಸಾಕು. ಒಂದು ನಾಣ್ಯವನ್ನು ಮೂರು ಸಲ ಚಿಮ್ಮಿಸಿದರೆ ಒಟ್ಟು 8 ಫಲಿತಗಳು. ತಲೆ ‘ಒಂದಾದರೂ’ ಬೀಳುವುದು 7/8, ‘ಅಟ್ ಲೀಸ್ಟ್ ಒನ್’ ಎಂದರೆ ಇದು. ‘ಒಂದೇ’ ಬೀಳುವುದು 3/8, ‘ಎಗ್ಸಾಕ್ಟ್ಲಿ ಒನ್’. ‘ಒಂದೂ ಬೀಳದಿರುವುದು’ 1/8, ‘ನನ್’. ‘ಹೆಚ್ಚೆಂದರೆ ಒಂದು’ 4/8, ‘ಅಟ್ ಮೋಸ್ಟ್ ಒನ್’. ‘ಒಂದಾದರೂ’ ಎಂಬುದರ ಎದುರು ಮಾತು ‘ಒಂದೂ ಇಲ್ಲ’ ಎಂದು ನಮ್ಮ ಬಾಯಿಗೆ ತಾನಾಗಿ ಬರುತ್ತದಲ್ಲ, 1ರಿಂದ 1/8 ಕಳೆದು 7/8 ತೆಗೆಯುವ ಅಡ್ಡದಾರಿ ಅದೇ.

‘ಬಿಟ್ವೀನ್’ ಬಂದಾಗ ಪಕ್ಕದಲ್ಲಿ ‘ಇನ್‌ಕ್ಲೂಸಿವ್’ ಇದೆಯೇ ನೋಡಿ. 10 ಮತ್ತು 20ರ ನಡುವೆ, ಎರಡೂ ಸೇರಿ, 11 ಪೂರ್ಣಾಂಕಗಳು; ಎರಡನ್ನೂ ಬಿಟ್ಟರೆ 9. 20ರಿಂದ 10 ಕಳೆದು ‘ಹತ್ತು’ ಎನ್ನುವ ಉತ್ತರ ಎರಡರಲ್ಲೂ ತಪ್ಪು. ಕನ್ನಡದಲ್ಲಿ ‘10ರಿಂದ 20ರವರೆಗೆ’ ಎಂದರೆ ಎರಡೂ ತುದಿ ಸೇರಿತು ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ, ‘ನಡುವೆ’ ಎಂದರೆ ಸೇರಲಿಲ್ಲ. ಈ ವ್ಯತ್ಯಾಸವನ್ನೇ ಪಟ್ಟಿಯಲ್ಲಿ ಸ್ಥಿರಪಡಿಸಿ.

‘ವಿತ್ ರಿಪ್ಲೇಸ್‌ಮೆಂಟ್’ ಎಂಬುದನ್ನು ‘ಬದಲಾಯಿಸಿ’ ಎಂದು ಅನುವಾದಿಸಿದ್ದನ್ನು ಎಷ್ಟೋ ಕಡೆ ನೋಡಬಹುದು. ಅದು ಪೂರ್ತಿ ತಪ್ಪು. ಚೀಲದಿಂದ ತೆಗೆದ ಚೆಂಡನ್ನು ನೋಡಿ ಮತ್ತೆ ಚೀಲಕ್ಕೇ ಹಾಕುವುದು ಎಂದು ಅದರ ಅರ್ಥ. ‘ಮರಳಿ ಹಾಕಿ’, ‘ಮರಳಿ ಹಾಕದೆ’ ಎಂದರೆ ಸಾಕು. 5 ಕೆಂಪು, 3 ನೀಲಿ ಚೆಂಡುಗಳಿರುವ ಚೀಲದಿಂದ ಎರಡು ಸಲ ತೆಗೆದಾಗ ಎರಡೂ ಕೆಂಪಾಗಿರುವ ಸಂಭವನೀಯತೆ ಮರಳಿ ಹಾಕಿದರೆ 25/64, ಹಾಕದಿದ್ದರೆ 5/14. ಮೊದಲನೆಯದರಲ್ಲಿ ಎರಡನೇ ಸಲವೂ 5/8, ಎರಡನೆಯದರಲ್ಲಿ 4/7 ಆಗಿಬಿಡುತ್ತದೆ.

ಸಂಖ್ಯಾಶಾಸ್ತ್ರದಲ್ಲಿ ತೊಂದರೆ ಬೇರೆ ಬಗೆಯದು. ದಿನಬಳಕೆಯ ಪದಕ್ಕೆ ಅಲ್ಲಿ ಬಿಗಿಯಾದ ಅರ್ಥವಿದೆ. ‘ಪಾಪ್ಯುಲೇಷನ್’ ಎಂದರೆ ಜನಸಂಖ್ಯೆಯಲ್ಲ, ಅಧ್ಯಯನಕ್ಕೆ ಒಳಪಟ್ಟ ಎಲ್ಲದರ ಸಮೂಹ, ಅದು ಬಲ್ಬುಗಳದ್ದೂ ಆಗಿರಬಹುದು. ‘ಸಮಷ್ಟಿ’ ಒಳ್ಳೆಯ ಪದ. ‘ನಾರ್ಮಲ್’ ವಿತರಣೆ ಎಂದರೆ ‘ಮಾಮೂಲಿ’ ಅಲ್ಲ. ಗಂಟೆಯಾಕಾರದ ಆ ಒಂದು ನಿರ್ದಿಷ್ಟ ವಕ್ರರೇಖೆ. ಅದರಲ್ಲಿ ಸರಾಸರಿಯ ಆಚೀಚೆ ಒಂದು ಮಾನಕ ವಿಚಲನೆಯೊಳಗೆ (‘ಸ್ಟ್ಯಾಂಡರ್ಡ್ ಡೀವಿಯೇಷನ್’, ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಸುಮಾರು ಶೇಕಡಾ 68, ಎರಡರೊಳಗೆ ಸುಮಾರು ಶೇಕಡಾ 95 ಬರುತ್ತವೆ. ‘ರೇಂಜ್’ ಎಂದರೆ ‘ಇಂಥದ್ದರಿಂದ ಇಂಥದ್ದರವರೆಗೆ’ ಎಂದು ಎರಡು ಸಂಖ್ಯೆ ಬರೆದರೆ ತಪ್ಪು. ಅತಿ ದೊಡ್ಡದರಿಂದ ಅತಿ ಚಿಕ್ಕದನ್ನು ಕಳೆದು ಬರುವ ಒಂದೇ ಸಂಖ್ಯೆ ಅದು.

‘ಮಧ್ಯಾಂಕ’ ಪದದಲ್ಲಿ ‘ಮೊದಲು ಏರಿಕೆಯ ಕ್ರಮದಲ್ಲಿ ಜೋಡಿಸು’ ಎಂಬ ಸೂಚನೆ ಇಲ್ಲ, ‘ಮೀಡಿಯನ್’ನಲ್ಲೂ ಇಲ್ಲ. 9, 2, 4, 7, 8 ಎಂದು ಕೊಟ್ಟರೆ ನಡುವೆ ಕಾಣುವ 4 ಮಧ್ಯಾಂಕವಲ್ಲ. 2, 4, 7, 8, 9 ಎಂದು ಜೋಡಿಸಿದ ಮೇಲೆ ಸಿಗುವ 7 ಮಧ್ಯಾಂಕ, ಸರಾಸರಿ 6. ಜಿಆರ್‌ಇ ಪ್ರಶ್ನೆಗಳಲ್ಲಿ ‘ಆ್ಯವರೇಜ್’ ಪಕ್ಕದ ಕಂಸದಲ್ಲಿ ‘ಅರಿತ್‌ಮೆಟಿಕ್ ಮೀನ್’ ಎಂದು ಬರೆದಿರುತ್ತಾರೆ. ನಾವು ಮಾತಿನಲ್ಲಿ ‘ಸರಾಸರಿ’ಯನ್ನು ‘ಅಂದಾಜು’ ಎಂಬರ್ಥಕ್ಕೂ ಎಳೆಯುತ್ತೇವಾದ್ದರಿಂದ ಆ ಕಂಸ ನಮಗೇ ಹೆಚ್ಚು ಬೇಕು. ಸರಾಸರಿ ವೇಗವೂ ವೇಗಗಳ ಸರಾಸರಿಯಲ್ಲ. ಹೋಗುವಾಗ ಗಂಟೆಗೆ 40, ಅದೇ ದಾರಿಯಲ್ಲಿ ಬರುವಾಗ 60 ಕಿ.ಮೀ. ಆದರೆ ಒಟ್ಟು ಪ್ರಯಾಣದ ಸರಾಸರಿ 48. ನಿಧಾನದ ಪಯಣಕ್ಕೆ ಹೆಚ್ಚು ಹೊತ್ತು ಹಿಡಿಯುವುದರಿಂದ ಅದರ ತೂಕ ಹೆಚ್ಚು.

‘ಟೂ ಸ್ಟ್ಯಾಂಡರ್ಡ್ ಡೀವಿಯೇಷನ್ಸ್ ಬಿಲೋ ದ ಮೀನ್’ ಎಂದು ಕಂಡರೆ ಹೆದರಬೇಕಿಲ್ಲ, ಮಾನಕ ವಿಚಲನೆಯನ್ನು ಒಂದು ಅಳತೆಕೋಲು ಎಂದು ತಿಳಿಯಿರಿ. ಸರಾಸರಿ 70, ಕೋಲಿನ ಉದ್ದ 8 ಆದರೆ ಎರಡು ಕೋಲು ಕೆಳಗೆ 54. ಎಲ್ಲ ಸಂಖ್ಯೆಗಳಿಗೂ 5 ಕೂಡಿದರೆ ಸರಾಸರಿ ಸರಿಯುತ್ತದೆ, ಕೋಲು ಬೆಳೆಯುವುದಿಲ್ಲ. ಎಲ್ಲವನ್ನೂ ಎರಡರಿಂದ ಗುಣಿಸಿದರೆ ಕೋಲೂ ಎರಡು ಪಟ್ಟಾಗುತ್ತದೆ. ‘ಪರ್ಸೆಂಟೈಲ್’ಗೆ ಕನ್ನಡ ಹುಡುಕಿ ದಣಿಯುವುದಕ್ಕಿಂತ ಹಾಗೇ ಇಟ್ಟು, ಅದು ಗಳಿಸಿದ ಅಂಕವಲ್ಲ, ನಮಗಿಂತ ಹಿಂದೆ ಇರುವವರು ಶೇಕಡಾ ಎಷ್ಟು ಎಂಬುದು ಎಂದು ವಿವರಿಸಿದರೆ ಸಾಕು.

ಪ್ರಶ್ನೆ ಕೇಳುವ ಕ್ರಿಯಾಪದಗಳನ್ನೂ ಪಟ್ಟಿಗೆ ಸೇರಿಸಿ, ಸಾಮಾನ್ಯವಾಗಿ ಬಿಟ್ಟುಹೋಗುವುದು ಇವೇ. ‘ಮಸ್ಟ್ ಬಿ ಈವನ್’ ಎಂದರೆ ಸಮ ಆಗಲೇಬೇಕು, ಒಂದು ಸಲ ತಪ್ಪಿದರೂ ಆ ಆಯ್ಕೆ ಬಿತ್ತು. ‘ಕುಡ್ ಬಿ ಈವನ್’ ಎಂದರೆ ಆಗಬಹುದು, ಒಂದು ಸಲ ಆದರೂ ಸಾಕು. ‘ಎಕ್ಸ್ ಇನ್ ಟರ್ಮ್ಸ್ ಆಫ್ ವೈ’ ಎಂಬಲ್ಲಿ ‘ಟರ್ಮ್’ಗೆ ಶ್ರೇಢಿಯ ‘ಪದ’ ಎಂಬ ಅರ್ಥ ಹಚ್ಚಬೇಡಿ. ಬಲಗಡೆ ವೈ ಬಿಟ್ಟು ಬೇರೆ ಅಕ್ಷರ ಇರಕೂಡದು ಎಂದಷ್ಟೇ ತಾತ್ಪರ್ಯ. ಜಿಮ್ಯಾಟ್‌ನ ‘ಡೇಟಾ ಸಫಿಶಿಯೆನ್ಸಿ’ಯಲ್ಲಿ, ಅಂದರೆ ಕೊಟ್ಟ ಮಾಹಿತಿ ಉತ್ತರಿಸಲು ಸಾಕೇ ಎಂದು ಕೇಳುವ ಪ್ರಶ್ನೆಗಳಲ್ಲಿ, ‘ಸಫಿಶಿಯೆಂಟ್’ ಎಂದರೆ ಉತ್ತರ ‘ಹೌದು’ ಆಗಬೇಕೆಂದಿಲ್ಲ. ಖಡಾಖಂಡಿತ ‘ಇಲ್ಲ’ ಎನ್ನಲು ಸಾಧ್ಯವಾದರೂ ಮಾಹಿತಿ ಸಾಕಾಯಿತು, ‘ಕೆಲವೊಮ್ಮೆ ಹೌದು, ಕೆಲವೊಮ್ಮೆ ಇಲ್ಲ’ ಎಂದಾದರೆ ಮಾತ್ರ ಸಾಲದು.

‘ರೆಸ್ಪೆಕ್ಟಿವ್ಲಿ’ಗೆ ಪಟ್ಟಿಯಲ್ಲಿ ‘ಅನುಕ್ರಮವಾಗಿ’ ಎಂದು ಬರೆದಿದ್ದರೆ ‘ಕ್ರಮವಾಗಿ’ ಎಂದು ಮಾಡಿ. ಹೇಳಿದ ಸಾಲಿನಲ್ಲೇ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಹೊಂದಿಸುವ ಮಾತು ಅದು. ‘ಅನುಕ್ರಮ’ವನ್ನು ‘ಕಾನ್ಸೆಕ್ಯುಟಿವ್’ಗೆ ಉಳಿಸಿಕೊಳ್ಳಬಹುದು: 7, 8, 9 ಅನುಕ್ರಮ ಪೂರ್ಣಾಂಕಗಳು, 8, 10, 12 ಅನುಕ್ರಮ ಸಮ ಪೂರ್ಣಾಂಕಗಳು.